ಪೊಂಟೂನ್ ಬೋಟ್ ಕೊಳ್ಳಬೇಕಾ, ಡೆಕ್ ಬೋಟ್ ಕೊಳ್ಳಬೇಕಾ? ತುಮಕೂರು ಕಡೆಯ ಮನೆಯವರು ಪದೇ ಪದೇ ಕೇಳುವ ಪ್ರಶ್ನೆಗಳು

ನಮ್ಮ ತುಮಕೂರು ಜಿಲ್ಲೆಯಲ್ಲಿ ಬೋಟ್ ಬಗ್ಗೆ ಕೇಳುವವರು ಎರಡು ಥರ. ಕೆಲವರ ಮಗನೋ ಮಗಳೋ ಅಮೆರಿಕದಲ್ಲಿದ್ದಾರೆ. ಅಲ್ಲಿ ಸರೋವರದ ಪಕ್ಕ ಮನೆ ಮಾಡಿದ್ದಾರೆ, ಈಗ ಒಂದು ಬೋಟ್ ಕೊಳ್ಳುವ ಮಾತು ನಡೆದಿದೆ. ಅಪ್ಪ ಅಮ್ಮ ಬೇಸಿಗೆಗೆ ಅಲ್ಲಿಗೆ ಹೋಗುವವರು, ಹಾಗಾಗಿ ಅವರಿಗೂ ಇದು ತಮ್ಮದೇ ವಿಷಯ. ಇನ್ನು ಕೆಲವರಿಗೆ ಇಲ್ಲೇ ಹಿನ್ನೀರಿನ ಪಕ್ಕ ತೋಟವಿದೆ, ಅಥವಾ ಹೋಂಸ್ಟೇ ಮಾಡುವ ಯೋಚನೆ ಇದೆ. ಈ ಇಬ್ಬರಿಗೂ ಆಗುವಂತೆ ಇಲ್ಲಿ ಉತ್ತರ ಬರೆದಿದ್ದೇನೆ. ನನ್ನ ಅಭಿಪ್ರಾಯ ಮುಚ್ಚಿಟ್ಟಿಲ್ಲ. ಮೊದಲು ನೀರು ನೋಡಿ, ಆಮೇಲೆ ಬೋಟ್‌ನಲ್ಲಿ ಕೂರುವ ಮನೆಯವರನ್ನು ನೋಡಿ, ಬೋಟ್‌ನ ಬಣ್ಣ ಸೀಟು ಎಲ್ಲ ಕೊನೆಗೆ.

ಪೊಂಟೂನ್ ಬೋಟ್ ಅಂದರೆ ಏನು?

ದೇವಸ್ಥಾನದ ತೆಪ್ಪೋತ್ಸವ ನೋಡಿದವರಿಗೆ ಇದು ಕೂಡಲೇ ಅರ್ಥವಾಗುತ್ತದೆ. ಖಾಲಿ ಡ್ರಮ್‌ಗಳನ್ನು ಸಾಲಾಗಿ ಕಟ್ಟಿ, ಮೇಲೆ ಹಲಗೆ ಹಾಸಿ, ಅದರ ಮೇಲೆ ಮಂಟಪ ನಿಲ್ಲಿಸುತ್ತಾರಲ್ಲ, ಅದೇ ಉಪಾಯ. ಪೊಂಟೂನ್‌ನಲ್ಲಿ ಡ್ರಮ್ ಬದಲು ಎರಡು ಉದ್ದನೆಯ ಅಲ್ಯುಮಿನಿಯಂ ಕೊಳವೆಗಳಿರುತ್ತವೆ. ಕೊಳವೆಯ ಎರಡೂ ತುದಿ ಮುಚ್ಚಿರುತ್ತದೆ, ಒಳಗೆ ಗಾಳಿ ಇರುತ್ತದೆ. ಮೇಲೆ ಸಮತಟ್ಟಾದ ನೆಲ, ಸುತ್ತ ಕಟಾಂಜನ, ಒಳಗೆ ಸೋಫಾ ಥರದ ಸೀಟು, ತಲೆಯ ಮೇಲೆ ಬಟ್ಟೆಯ ನೆರಳು, ಹಿಂದೆ ಔಟ್‌ಬೋರ್ಡ್ ಎಂಜಿನ್, ಅಂದರೆ ಬೋಟ್‌ನ ಹೊರಗೆ ಸಿಕ್ಕಿಸುವ, ಬೇಕಾದಾಗ ನೀರಿನಿಂದ ಮೇಲಕ್ಕೆ ಎತ್ತಬಹುದಾದ ಎಂಜಿನ್. ಎರಡು ಕೊಳವೆಯ ಬದಲು ಮೂರಿದ್ದರೆ ಅದನ್ನು ಟ್ರೈಟೂನ್ ಎನ್ನುತ್ತಾರೆ.

ಇದನ್ನು ಮೊದಲು ಮಾಡಿದ್ದು ದೊಡ್ಡ ಕಾರ್ಖಾನೆಯವರಲ್ಲ. ಅಮೆರಿಕದ ಮಿನ್ನೆಸೋಟ ರಾಜ್ಯದ ಆಂಬ್ರೋಸ್ ವೀರ್ಸ್ ಎಂಬ ರೈತರು. 1952ರಲ್ಲಿ ಅವರು ಕಬ್ಬಿಣದ ಪೀಪಾಯಿಗಳನ್ನು ಒಂದಕ್ಕೊಂದು ಬೆಸೆದು ಎರಡು ಸಾಲು ಮಾಡಿ, ಮೇಲೆ ಮರದ ಅಟ್ಟಣಿಗೆ ಕೂರಿಸಿ ನೀರಿಗೆ ಬಿಟ್ಟರು. ಅಲುಗಾಡದ, ನೆಮ್ಮದಿಯಾಗಿ ಕೂರುವ ಬೋಟ್ ಬೇಕು ಅನ್ನುವುದೇ ಅವರ ಆಸೆ. ಇವತ್ತಿಗೂ ಪೊಂಟೂನ್‌ನ ಗುಣ ಅದೇ.

ಹಾಗಾದರೆ ಡೆಕ್ ಬೋಟ್?

ಇದು ಫೈಬರ್‌ಗ್ಲಾಸಿನ ಒಂದೇ ಒಡಲಿನ ಬೋಟ್. ತಳ ಇಂಗ್ಲಿಷಿನ 'ವಿ' ಅಕ್ಷರದ ಹಾಗೆ ಚೂಪಾಗಿರುತ್ತದೆ. ಮಾಮೂಲಿ ಸ್ಪೀಡ್ ಬೋಟ್‌ನ ಮೂತಿ ಮುಂದಕ್ಕೆ ಕಿರಿದಾಗುತ್ತಾ ಹೋಗುತ್ತದೆ. ಡೆಕ್ ಬೋಟ್‌ನಲ್ಲಿ ಅದನ್ನು ಅಗಲ ಮಾಡಿರುತ್ತಾರೆ, ಮುಂದೆಯೂ ನಾಲ್ಕಾರು ಜನ ಕೂರಲಿ ಅಂತ. ಅಂದರೆ ಓಟ ಸ್ಪೀಡ್ ಬೋಟ್‌ನದು, ಜಾಗ ಸ್ವಲ್ಪ ಪೊಂಟೂನ್‌ನದು. ಎರಡರ ಉದ್ದವೂ ಸಾಮಾನ್ಯವಾಗಿ 18ರಿಂದ 25 ಅಡಿ.

ಸುತ್ತಿ ಬಳಸಿ ಹೇಳಬೇಡಿ. ನಮ್ಮ ಥರದ ಮನೆಗೆ ಯಾವುದು ಸರಿ?

ನೀರು ಶಾಂತವಾಗಿದ್ದರೆ, ಬೋಟ್‌ನಲ್ಲಿ ಅಜ್ಜಿ ತಾತ, ಚಿಕ್ಕ ಮಕ್ಕಳು ಕೂರುವುದಿದ್ದರೆ, ಪೊಂಟೂನ್. ಮಕ್ಕಳು ದೊಡ್ಡವರಾಗಿದ್ದು ನೀರಿನ ಮೇಲೆ ಸ್ಕೀ ಮಾಡಬೇಕು, ಟ್ಯೂಬ್ ಕಟ್ಟಿ ಎಳೆಸಿಕೊಳ್ಳಬೇಕು ಎನ್ನುವವರಾದರೆ, ಜೊತೆಗೆ ನೀರು ವಿಶಾಲವಾಗಿ ಅಲೆ ಏಳುವ ಜಾಗವಾದರೆ, ಡೆಕ್ ಬೋಟ್. ನನ್ನನ್ನು ಕೇಳುವ ಹೆಚ್ಚಿನ ಮನೆಗಳಲ್ಲಿ ಮೂರು ತಲೆಮಾರು ಒಟ್ಟಿಗೆ ಕೂರುತ್ತಾರೆ. ಅಂಥವರಿಗೆ ಹಿಂದೆಮುಂದೆ ನೋಡದೆ ಪೊಂಟೂನ್ ಎಂದೇ ಹೇಳುತ್ತೇನೆ.

ಅಮ್ಮನಿಗೆ ಮಂಡಿ ನೋವು. ಹತ್ತಿ ಇಳಿಯಲು ಯಾವುದು ಸುಲಭ?

ಪೊಂಟೂನ್. ಇದರಲ್ಲಿ ಎರಡನೇ ಮಾತೇ ಇಲ್ಲ. ಅದರ ನೆಲ ಕಟ್ಟೆಯ ಮಟ್ಟಕ್ಕೆ ಹತ್ತಿರ ಇರುತ್ತದೆ. ಕಟಾಂಜನದಲ್ಲಿ ಗೇಟ್ ಇರುತ್ತದೆ, ತೆಗೆದು ನೇರವಾಗಿ ಒಳಗೆ ನಡೆಯಬಹುದು. ಒಳಗೂ ಮೆಟ್ಟಿಲಿಲ್ಲ, ಏರುಪೇರಿಲ್ಲ. ಅಗಲವಾದ ಗೇಟ್ ಇರುವ ಮಾಡೆಲ್‌ಗಳಲ್ಲಿ ಗಾಲಿಕುರ್ಚಿಯನ್ನೂ ಒಳಗೆ ತಳ್ಳಿಕೊಂಡು ಹೋಗಬಹುದು.

ಡೆಕ್ ಬೋಟ್‌ನಲ್ಲಿ ಹೆಚ್ಚಾಗಿ ಅಂಚು ದಾಟಿ, ಸೀಟಿನ ಮೇಲೋ ಮೆಟ್ಟಿಲ ಮೇಲೋ ಕಾಲಿಟ್ಟು ಕೆಳಗೆ ಇಳಿಯಬೇಕು. ಸೀರೆ ಉಟ್ಟವರಿಗೆ ಇದು ಕಷ್ಟ. ಯಾರಾದರೂ ಕೈ ಹಿಡಿಯಲೇಬೇಕು. ಹತ್ತುವಾಗ ಬೋಟ್ ಒಂದು ಪಕ್ಕಕ್ಕೆ ವಾಲುತ್ತದೆ, ವಯಸ್ಸಾದವರು ಅಲ್ಲೇ ಹೆದರಿಬಿಡುತ್ತಾರೆ. ಒಂದು ಸಲ ಹೆದರಿದರೆ ಆಮೇಲೆ "ನೀವು ಹೋಗಿ ಬನ್ನಿ, ನಾನು ದಡದಲ್ಲೇ ಕೂತಿರ್ತೀನಿ" ಅನ್ನುತ್ತಾರೆ. ಮನೆಯವರೆಲ್ಲ ಒಟ್ಟಿಗೆ ಹೋಗಲಿ ಅಂತ ತಂದ ಬೋಟ್‌ನಲ್ಲಿ ಅಮ್ಮನೇ ಇಲ್ಲದಿದ್ದರೆ ಏನು ಚೆನ್ನ?

ಒಂದು ವಿಷಯದಲ್ಲಿ ಮಾತ್ರ ಡೆಕ್ ಬೋಟ್ ಮುಂದು. ಈಜಿ ಬಂದು ನೀರಿನಿಂದ ಮೇಲೆ ಹತ್ತುವವರಿಗೆ ಅದರ ಹಿಂದಿನ ಜಗಲಿ ನೀರಿಗೆ ಹತ್ತಿರ, ಅಗಲವೂ ಜಾಸ್ತಿ. ಪೊಂಟೂನ್‌ನಲ್ಲಿ ಏಣಿ ಹತ್ತಬೇಕು.

ಚಿಕ್ಕ ಮಕ್ಕಳಿಗೆ ಯಾವುದು ಕ್ಷೇಮ?

ಕಟಾಂಜನ ಸುತ್ತಲೂ ಇರುವುದರಿಂದ ಓಡಾಡುವ ಮಗುವಿಗೆ ಪೊಂಟೂನ್ ವಾಸಿ. ಆದರೆ ಪೊಂಟೂನ್‌ಗೇ ಸೇರಿದ ಒಂದು ದೊಡ್ಡ ಅಪಾಯ ಇದೆ, ಇದನ್ನು ಗಮನವಿಟ್ಟು ಓದಿ. ಮುಂದಿನ ಗೇಟ್ ಆಚೆ ಒಂದಿಷ್ಟು ನೆಲ ಹೊರಗೆ ಚಾಚಿರುತ್ತದೆ. ಮಕ್ಕಳಿಗೆ ಅಲ್ಲಿ ಕೂತು ಕಾಲು ನೀರಿಗೆ ಇಳಿಬಿಡುವ ಆಸೆ. ಬೋಟ್ ಓಡುವಾಗ ಹಾಗೆ ಕೂತ ಮಗು ಜಾರಿದರೆ ನೇರ ಎರಡು ಕೊಳವೆಗಳ ನಡುವೆ, ಬೋಟ್‌ನ ಕೆಳಗೆ ಹೋಗುತ್ತದೆ. ಹಿಂದೆ ಪ್ರೊಪೆಲ್ಲರ್ ತಿರುಗುತ್ತಿರುತ್ತದೆ. ಓಡಿಸುವವರು ಎಂಜಿನ್ ನಿಲ್ಲಿಸುವಷ್ಟರಲ್ಲಿ ಎಲ್ಲ ಮುಗಿದಿರುತ್ತದೆ. ಹಾಗಾಗಿ ಎಂಜಿನ್ ಚಾಲೂ ಇರುವಾಗ ಗೇಟ್ ಮುಚ್ಚಿರಬೇಕು, ಎಲ್ಲರೂ ಗೇಟ್‌ನ ಒಳಗೇ ಇರಬೇಕು. ನೆಂಟರ ಮಕ್ಕಳು ಎಷ್ಟು ಅತ್ತರೂ ಇದರಲ್ಲಿ ಸಡಿಲ ಬೇಡ.

ಡೆಕ್ ಬೋಟ್‌ನ ಮುಂದಿನ ಸೀಟಿಗೂ ಜಾಗ್ರತೆ ಬೇಕು. ವೇಗದಲ್ಲಿ ಅಲೆಗೆ ಬಡಿದರೆ ಮುಂದೆ ಕೂತವರು ಎಗರುತ್ತಾರೆ.

ಎರಡಕ್ಕೂ ಸೇರಿ ಇನ್ನೊಂದು ಮಾತು. ಪೆಟ್ರೋಲ್ ಎಂಜಿನ್ ಚಾಲೂ ಇರುವಾಗ ಹಿಂದಿನ ಜಗಲಿಯಲ್ಲಿ ಮಕ್ಕಳು ಕೂರುವುದು, ಅಲ್ಲೇ ಹಿಡಿದುಕೊಂಡು ಈಜುವುದು ಬೇಡ. ಹೊಗೆಯಲ್ಲಿ ಕಾರ್ಬನ್ ಮಾನಾಕ್ಸೈಡ್ ಇರುತ್ತದೆ. ಅದಕ್ಕೆ ವಾಸನೆ ಇಲ್ಲ, ಬಣ್ಣ ಇಲ್ಲ. ಸುಮ್ನೆ ತಲೆ ಸುತ್ತಿ ನೀರಿಗೆ ಬೀಳುತ್ತಾರೆ.

ಎಷ್ಟು ಜನ ಕೂರಬಹುದು?

20ರಿಂದ 22 ಅಡಿಯ ಪೊಂಟೂನ್‌ನಲ್ಲಿ ಸಾಮಾನ್ಯವಾಗಿ 8ರಿಂದ 12 ಜನ. ಅಷ್ಟೇ ಉದ್ದದ ಡೆಕ್ ಬೋಟ್‌ನಲ್ಲೂ ಹೆಚ್ಚು ಕಡಿಮೆ ಅಷ್ಟೇ ಬರೆದಿರುತ್ತದೆ. ಆದರೆ ಜಾಗ ಸ್ವಲ್ಪ ಇಕ್ಕಟ್ಟು, ಯಾಕೆಂದರೆ ಅದರ ಬದಿಗಳು ಒಳಕ್ಕೆ ಬಾಗಿರುತ್ತವೆ. ಬೋಟ್ ಮೇಲೆ ಒಂದು ಫಲಕ ಇರುತ್ತದೆ. ಎಷ್ಟು ಜನ, ಒಟ್ಟು ಎಷ್ಟು ತೂಕ ಅಂತ ಅದರಲ್ಲಿ ಇರುತ್ತದೆ. ಎರಡರಲ್ಲಿ ಯಾವುದು ಮೊದಲು ಮುಟ್ಟುತ್ತದೋ ಅಲ್ಲಿಗೆ ನಿಲ್ಲಿಸಬೇಕು.

"ಇನ್ನಿಬ್ಬರು ತಾನೇ, ಅಡ್ಜಸ್ಟ್ ಮಾಡ್ಕೊಳ್ಳಿ" ಎನ್ನುವುದು ನಮ್ಮಲ್ಲಿ ಬಸ್ಸಿನಿಂದ ಬಂದ ಅಭ್ಯಾಸ. ನೀರಿನಲ್ಲಿ ಅದು ಜೀವ ತೆಗೆಯುತ್ತದೆ. 2023ರ ಮೇ ತಿಂಗಳಲ್ಲಿ ಕೇರಳದ ತಾನೂರಿನಲ್ಲಿ ಮಿತಿಗಿಂತ ಜಾಸ್ತಿ ಜನ ಹತ್ತಿಸಿದ ಬೋಟ್ ಮಗುಚಿ 22 ಜನ ಸತ್ತರು. 2024ರ ಜನವರಿಯಲ್ಲಿ ವಡೋದರದ ಹರ್ನಿ ಕೆರೆಯಲ್ಲಿ ಶಾಲಾ ಪ್ರವಾಸಕ್ಕೆ ಬಂದಿದ್ದ 12 ಮಕ್ಕಳು, ಇಬ್ಬರು ಶಿಕ್ಷಕಿಯರು ಹೋದರು. ಎರಡೂ ಕಡೆ ಬಿರುಗಾಳಿಯಿಂದ ಆದ ಅನಾಹುತವಲ್ಲ. ಜನ ಜಾಸ್ತಿ, ಲೈಫ್ ಜಾಕೆಟ್ ಕಡಿಮೆ.

ಪೊಂಟೂನ್ ಮಗುಚುವುದು ಕಷ್ಟ, ನಿಜ. ಆದರೆ ಎಲ್ಲರೂ ಫೋಟೋಗೆ ಅಂತ ಮುಂದಕ್ಕೆ ಬಂದು ನಿಂತರೆ ಮೂತಿ ಕೆಳಗಾಗುತ್ತದೆ. ಆಗ ಎದುರು ಅಲೆ ಬಂದರೆ ನೀರು ನೆಲದ ಮೇಲೆಯೇ ನುಗ್ಗುತ್ತದೆ. ಭಾರ ಹಂಚಿ ಕೂರಿಸಿ.

ಲೈಫ್ ಜಾಕೆಟ್ ಎಲ್ಲರೂ ಹಾಕಲೇಬೇಕಾ? ಸೆಖೆ ಅಲ್ವಾ?

ಹಾಕಲೇಬೇಕು. ಅಮೆರಿಕದ ಕೋಸ್ಟ್ ಗಾರ್ಡ್ ವರ್ಷ ವರ್ಷ ಲೆಕ್ಕ ಕೊಡುತ್ತದೆ. ಬೋಟ್ ಅಪಘಾತದಲ್ಲಿ ಮುಳುಗಿ ಸತ್ತವರಲ್ಲಿ ಹತ್ತರಲ್ಲಿ ಎಂಟಕ್ಕೂ ಹೆಚ್ಚು ಜನ ಲೈಫ್ ಜಾಕೆಟ್ ಹಾಕಿರಲಿಲ್ಲ. ಅಲ್ಲಿನ ಕೇಂದ್ರದ ನಿಯಮದಂತೆ ಬೋಟ್ ಓಡುತ್ತಿರುವಾಗ 13 ವರ್ಷದೊಳಗಿನ ಮಕ್ಕಳು ಜಾಕೆಟ್ ಹಾಕಿರಲೇಬೇಕು. ರಾಜ್ಯಕ್ಕೆ ತನ್ನದೇ ನಿಯಮ ಇದ್ದರೆ ಆ ವಯಸ್ಸು ನಡೆಯುತ್ತದೆ. ದೊಡ್ಡವರಿಗೂ ತಲೆಗೊಂದು ಜಾಕೆಟ್ ಬೋಟ್‌ನಲ್ಲಿ ಇರಬೇಕು. ಬೋಟ್ 16 ಅಡಿ ಅಥವಾ ಅದಕ್ಕಿಂತ ಉದ್ದವಾಗಿದ್ದರೆ, ನೀರಿಗೆ ಬಿದ್ದವರತ್ತ ಎಸೆಯಲು ಒಂದು ತೇಲುವ ಸಾಧನವೂ ಬೇಕು.

ನಮ್ಮ ಕಡೆ ಈಜು ಕಲಿತವರೇ ಕಡಿಮೆ. ಬಾವಿಯಲ್ಲಿ ಕಲಿತ ಹಿಂದಿನವರು ಬೇರೆ, ಈಗಿನ ಮಕ್ಕಳು ಬೇರೆ. ಹಾಗಾಗಿ ನಾನು ವಯಸ್ಸು ನೋಡದೆ ಎಲ್ಲರಿಗೂ ಹಾಕಿ ಎನ್ನುತ್ತೇನೆ. ದೊಡ್ಡವರ ಜಾಕೆಟ್ ಮಗುವಿಗೆ ಹಾಕಬೇಡಿ, ನೀರಿಗೆ ಬಿದ್ದಾಗ ಅದು ತಲೆಯ ಮೇಲಿಂದ ಜಾರಿ ಹೋಗುತ್ತದೆ. ಮಗುವಿನ ತೂಕಕ್ಕೆ ತಕ್ಕದ್ದು, ಕಾಲ ಸಂದಿಯಲ್ಲಿ ಪಟ್ಟಿ ಇರುವುದು ತನ್ನಿ.

ಗಾಳಿ ಬಂದರೆ ಯಾವುದು ತಡೆಯುತ್ತದೆ?

ಇಲ್ಲಿ ಪೊಂಟೂನ್ ಸೋಲುತ್ತದೆ. ಎತ್ತರದ ಕಟಾಂಜನ, ಮೇಲೆ ಬಟ್ಟೆಯ ನೆರಳು, ನೀರಿನೊಳಗೆ ಆಳಕ್ಕೆ ಇಳಿಯದ ಕೊಳವೆ. ಗಾಳಿ ಅದನ್ನು ಪಕ್ಕಕ್ಕೆ ತಳ್ಳಿಕೊಂಡು ಹೋಗುತ್ತದೆ. ನಮ್ಮ ಆಷಾಢದ ಗಾಳಿ ಗೊತ್ತಲ್ಲ? ತೆಂಗಿನ ಗರಿ ಮುರಿದು ಹಾಕುವ ಗಾಳಿ. ಅಂಥ ದಿನ ಪೊಂಟೂನನ್ನು ಕಟ್ಟೆಗೆ ಸರಿಯಾಗಿ ತಂದು ನಿಲ್ಲಿಸುವುದು ಹೊಸಬರ ಕೈಲಿ ಆಗುವ ಕೆಲಸವಲ್ಲ. ನಿಧಾನ ಬನ್ನಿ, ಗಾಳಿಗೆ ಎದುರಾಗಿ ಬನ್ನಿ, ಹೊರಡುವ ಮೊದಲೇ ನೆರಳಿನ ಬಟ್ಟೆ ಮಡಚಿಡಿ. ಇನ್ನೂ ಒಳ್ಳೆಯದು, ಅಂಥ ದಿನ ಹೋಗಲೇಬೇಡಿ.

ಡೆಕ್ ಬೋಟ್ ತಳ ನೀರನ್ನು ಸೀಳಿಕೊಂಡು ಹೋಗುವುದರಿಂದ ಅಲೆಯಲ್ಲಿ ಹಿಡಿತ ಜಾಸ್ತಿ, ತಿರುವಿನಲ್ಲೂ ಚುರುಕು. ಎರಡು ಕೊಳವೆಯ ಪೊಂಟೂನ್ ಚಿಕ್ಕ ಅಲೆಗೆ ಅಲುಗುವುದೇ ಇಲ್ಲ, ಆದರೆ ಅಲೆ ದೊಡ್ಡದಾದರೆ ದಡಬಡ ಬಡಿಯುತ್ತದೆ. ಮೂರು ಕೊಳವೆಯದು ಇವೆರಡರ ನಡುವೆ.

ಮಗ ಮಿನ್ನೆಸೋಟದಲ್ಲಿದ್ದಾನೆ, ಅಣ್ಣನ ಮಗಳು ಟೆಕ್ಸಾಸ್‌ನಲ್ಲಿ. ಇಬ್ಬರಿಗೂ ಒಂದೇ ಉತ್ತರವಾ?

ಅಲ್ಲ. ಮಿನ್ನೆಸೋಟದಲ್ಲಿ ಚಿಕ್ಕ ಚಿಕ್ಕ ಸರೋವರಗಳು ಸಾವಿರಾರು. ಪೊಂಟೂನ್ ಹುಟ್ಟಿದ್ದೇ ಅಲ್ಲಿ, ಅಲ್ಲಿನ ನೀರಿಗೆ ಅದು ಹೇಳಿ ಮಾಡಿಸಿದಂತಿದೆ. ಆಸ್ಟಿನ್ ಪಕ್ಕದ ಲೇಕ್ ಟ್ರಾವಿಸ್, ಅಟ್ಲಾಂಟಾದ ಲೇಕ್ ಲೇನಿಯರ್ ಥರದ ದೊಡ್ಡ ಜಲಾಶಯಗಳಲ್ಲಿ ರಜಾ ದಿನ ಬೋಟ್‌ಗಳ ಸಂತೆ. ಬೇರೆ ಬೋಟ್‌ಗಳು ಎಬ್ಬಿಸುವ ಅಲೆಯೇ ಸಾಕಷ್ಟಿರುತ್ತದೆ. ಅಲ್ಲಿಗೆ ಟ್ರೈಟೂನ್ ಅಥವಾ ಡೆಕ್ ಬೋಟ್ ಸರಿ. ಲೇಕ್ ಮಿಷಿಗನ್ ಹೆಸರಿಗೆ ಸರೋವರ, ಗುಣ ಸಮುದ್ರದ್ದು. ಅಲ್ಲಿ ಎರಡು ಕೊಳವೆಯ ಪೊಂಟೂನ್ ತೆಗೆದುಕೊಂಡು ದಡ ಬಿಟ್ಟು ದೂರ ಹೋಗುವುದು ಬೇಡವೇ ಬೇಡ.

ಟೆಕ್ಸಾಸ್‌ನಲ್ಲಿ 1993ರ ಸೆಪ್ಟೆಂಬರ್ 1 ಅಥವಾ ಆಮೇಲೆ ಹುಟ್ಟಿದವರು 15 ಅಶ್ವಶಕ್ತಿಗಿಂತ ದೊಡ್ಡ ಎಂಜಿನ್‌ನ ಬೋಟ್ ಓಡಿಸಲು ತರಬೇತಿ ಪಾಸಾಗಿರಬೇಕು. 2021ರ ಏಪ್ರಿಲ್‌ನಿಂದ ಅಲ್ಲಿನ ಕೇಂದ್ರದ ಇನ್ನೊಂದು ನಿಯಮವೂ ಬಂದಿದೆ. 26 ಅಡಿಗಿಂತ ಚಿಕ್ಕ ಬೋಟ್‌ನಲ್ಲಿ ಎಂಜಿನ್ ನಿಲ್ಲಿಸುವ ಸ್ವಿಚ್‌ನ ದಾರವನ್ನು ಓಡಿಸುವವರು ಮೈಗೆ ಸಿಕ್ಕಿಸಿಕೊಂಡಿರಬೇಕು. ಅವರು ನೀರಿಗೆ ಬಿದ್ದರೆ ಎಂಜಿನ್ ತಾನೇ ನಿಲ್ಲುತ್ತದೆ. ನಿಮ್ಮ ಮಗ ಅದನ್ನು ಸಿಕ್ಕಿಸಿಕೊಂಡಿದ್ದಾನಾ ಅಂತ ಹೋದಾಗ ನೀವೇ ನೋಡಿ.

ವೇಗದಲ್ಲಿ ಎಷ್ಟು ವ್ಯತ್ಯಾಸ?

ಸಾಧಾರಣ ಎಂಜಿನ್‌ನ ಎರಡು ಕೊಳವೆಯ ಪೊಂಟೂನ್ ಗಂಟೆಗೆ 30ರಿಂದ 40 ಕಿಲೋಮೀಟರ್. ಡೆಕ್ ಬೋಟ್ 65 ದಾಟುತ್ತದೆ. ದೊಡ್ಡ ಎಂಜಿನ್ ಕೂರಿಸಿದ ಟ್ರೈಟೂನ್ ಕೂಡ ಅದಕ್ಕೆ ಹತ್ತಿರ ಬರುತ್ತದೆ, ಆದರೆ ಆಗ ಬೆಲೆಯೂ ಏರುತ್ತದೆ. ಮಾತಾಡುತ್ತಾ ಹೋಗುವವರಿಗೆ 15 ಕಿಲೋಮೀಟರ್ ಸಾಕು. ಸ್ಕೀ ಮಾಡುವವರಿಗೆ ಮಾತ್ರ ವೇಗದ ಲೆಕ್ಕ.

ನಮ್ಮ ಕೆರೆಗಳಿಗೆ ಯಾವುದು ಹೊಂದುತ್ತದೆ?

ಈ ಪ್ರಶ್ನೆಗೆ ಸ್ವಲ್ಪ ಉದ್ದ ಬರೆಯುತ್ತೇನೆ, ಯಾಕೆಂದರೆ ಮಾರುವವರು ಇದನ್ನು ಹೇಳುವುದಿಲ್ಲ.

ನಮ್ಮ ಜಿಲ್ಲೆಗೆ ಮಳೆ ಜೋರಾಗಿ ಬರುವುದು ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ. ಆಗ ಕೆರೆ ತುಂಬಿದರೆ ತುಂಬಿತು. ಏಪ್ರಿಲ್ ಮೇ ಹೊತ್ತಿಗೆ ನೀರು ಅಂಚು ಬಿಟ್ಟು ಒಳಗೆ ಸರಿದಿರುತ್ತದೆ. ಅಕ್ಟೋಬರ್‌ನಲ್ಲಿ ನೀವು ಬೋಟ್ ಕಟ್ಟಿದ ಜಾಗದಲ್ಲಿ ಮೇನಲ್ಲಿ ಎಮ್ಮೆ ಮೇಯುತ್ತಿರುತ್ತದೆ. ಆದ್ದರಿಂದ ಶಾಶ್ವತ ಕಟ್ಟೆ ಕಟ್ಟಿದರೆ ಉಪಯೋಗವಿಲ್ಲ. ನೀರಿನ ಜೊತೆ ಏರಿ ಇಳಿಯುವ ತೇಲು ಕಟ್ಟೆಯೇ ಬೇಕು.

ಎರಡನೆಯದು ಹೂಳು. ಮೇಲಿನಿಂದ ನೋಡಿದರೆ ಕಡಲಿನಂತಿರುವ ಕೆರೆಯಲ್ಲೂ ಅಂಚಿನ ಕಡೆ ಎರಡು ಮೂರು ಅಡಿ ನೀರು, ಅದರ ಕೆಳಗೆ ಮೊಳಕಾಲುದ್ದ ಕೆಸರು. ಪೊಂಟೂನ್ ಎಂಜಿನ್ ಎತ್ತಿಕೊಂಡರೆ ಒಂದೂವರೆ ಅಡಿ ನೀರಿನಲ್ಲೂ ತೇಲುತ್ತದೆ, ತಳ ಚಪ್ಪಟೆಯಾಗಿ ಹರಡಿರುವುದರಿಂದ ದಡಕ್ಕೆ ಹತ್ತಿಸಿದರೂ ವಾಲುವುದಿಲ್ಲ. ಡೆಕ್ ಬೋಟ್ ಕೂಡ ಎಂಜಿನ್ ಎತ್ತಿದರೆ ತುಂಬಾ ಹಿಂದೆ ಬೀಳುವುದಿಲ್ಲ, ಆದರೆ ಚೂಪು ತಳ ನೆಲಕ್ಕೆ ತಾಗಿದರೆ ಒಂದು ಮಗ್ಗುಲಿಗೆ ಒರಗುತ್ತದೆ.

ಮೂರನೆಯದು ಜಾಲಿ. ಹಿಂದೆ ಸಾಮಾಜಿಕ ಅರಣ್ಯದವರು ನಮ್ಮ ಎಷ್ಟೋ ಕೆರೆಯಂಗಳಗಳಲ್ಲಿ ಜಾಲಿ ಗಿಡ ಬೆಳೆಸಿದ್ದಾರೆ. ಮರ ಕಡಿದರೂ ಬುಡ ಹಾಗೇ ಉಳಿದಿರುತ್ತದೆ. ಕೆರೆ ತುಂಬಿದಾಗ ಆ ಮೊಂಡು ಬುಡ ನೀರಿನ ಕೆಳಗೆ ಅರ್ಧ ಅಡಿಯಲ್ಲಿರುತ್ತದೆ, ಕಣ್ಣಿಗೆ ಕಾಣುವುದಿಲ್ಲ. ವೇಗದಲ್ಲಿ ಬಡಿದರೆ ಫೈಬರ್ ಸೀಳುತ್ತದೆ, ಅಲ್ಯುಮಿನಿಯಂ ತಗ್ಗಾಗುತ್ತದೆ ಅಥವಾ ತೂತಾಗುತ್ತದೆ. ಕೊಳವೆಯ ಒಳಗೆ ಬೇರೆ ಬೇರೆ ಅಂಕಣ ಮಾಡಿರುವ ಪೊಂಟೂನ್ ಆದರೆ ಒಂದು ಕಡೆ ತೂತಾದರೂ ದಡ ಮುಟ್ಟಿಸುತ್ತದೆ. ಬೇಸಿಗೆಯಲ್ಲಿ ಕೆರೆ ಒಣಗಿದಾಗ ಒಂದು ಸಲ ಅಂಗಳದಲ್ಲಿ ನಡೆದು ನೋಡಿ, ಬುಡ ಬಂಡೆ ಎಲ್ಲಿವೆ ಅಂತ ಗುರುತು ಮಾಡಿಕೊಳ್ಳಿ. ಊರಿನ ನೀರುಗಂಟಿ, ಮೀನು ಹಿಡಿಯುವವರು, ಇವರಿಗೆ ಕೆರೆಯ ತಳ ಅಂಗೈಯಷ್ಟು ಚೆನ್ನಾಗಿ ಗೊತ್ತು. ಅವರನ್ನು ಕೇಳಿ.

ಇನ್ನು ಅಂತರಗಂಗೆ ಮತ್ತು ಮೀನಿನ ಬಲೆ. ಎರಡೂ ಪ್ರೊಪೆಲ್ಲರ್‌ಗೆ ಸುತ್ತಿಕೊಳ್ಳುತ್ತವೆ. ಗಿಡದ ಚೂರು ಎಂಜಿನ್ ತಣ್ಣಗಿಡುವ ನೀರಿನ ತೂತಿಗೆ ಕಟ್ಟಿಕೊಂಡರೆ ಎಂಜಿನ್ ಕಾದು ಕೆಡುತ್ತದೆ. ಬಲೆ ಹರಿದರೆ ಅದು ಇನ್ನೊಬ್ಬರ ಹೊಟ್ಟೆಪಾಡು. ಕೆರೆಯ ಮೀನು ಹಕ್ಕು ಗುತ್ತಿಗೆಗೆ ಹೋಗಿರುತ್ತದೆ, ಬಲೆ ಎಲ್ಲಿ ಬಿಡುತ್ತಾರೆ ಅಂತ ಮೊದಲೇ ಮಾತಾಡಿಕೊಳ್ಳಿ.

ಇಷ್ಟೆಲ್ಲ ನೋಡಿದರೆ ನಮ್ಮ ಕೆರೆಗೆ ಡೆಕ್ ಬೋಟ್ ತರುವುದು ನನಗೆ ಸರಿ ಕಾಣುವುದಿಲ್ಲ. ಅದರ ಓಟಕ್ಕೆ ಬೇಕಾದ ಆಳವೂ ಇಲ್ಲ, ಉದ್ದವೂ ಇಲ್ಲ.

ನಮ್ಮ ಊರ ಕೆರೆ ತಾನೇ, ಸುಮ್ನೆ ಬಿಟ್ಟರೆ ಆಗಲ್ವಾ?

ಆಗಲ್ಲ. ತೋಟ ನಿಮ್ಮದಿರಬಹುದು, ನೀರು ನಿಮ್ಮದಲ್ಲ. 40 ಹೆಕ್ಟೇರ್‌ಗಿಂತ ಕಡಿಮೆ ಅಚ್ಚುಕಟ್ಟಿನ ಕೆರೆ ಪಂಚಾಯತ್ ರಾಜ್ ಕಡೆಗೆ, 40ರಿಂದ 2,000 ಹೆಕ್ಟೇರ್‌ವರೆಗಿನದು ಸಣ್ಣ ನೀರಾವರಿ ಇಲಾಖೆಗೆ, ಅದಕ್ಕಿಂತ ದೊಡ್ಡವು ದೊಡ್ಡ ನೀರಾವರಿಯವರಿಗೆ ಸೇರುತ್ತವೆ. ಕೆರೆ ಯಾರದೋ ಅವರ ಲಿಖಿತ ಅನುಮತಿ ಮೊದಲು ಬೇಕು. ಬುಗುಡನಹಳ್ಳಿ ಕೆರೆಯಂಥದ್ದನ್ನು ಕೇಳಲೂ ಬೇಡಿ. ಹೇಮಾವತಿ ನೀರು ಅಲ್ಲಿಗೆ ಬಂದು ತುಮಕೂರು ನಗರದ ನಲ್ಲಿಗೆ ಹೋಗುತ್ತದೆ. ಕುಡಿಯುವ ನೀರಿನಲ್ಲಿ ಪೆಟ್ರೋಲ್ ಎಂಜಿನ್ ಓಡಿಸುವುದು ಯಾರಿಗೂ ಒಳ್ಳೆಯದಲ್ಲ.

ಬೋಟ್‌ಗೂ ಕಾಗದ ಬೇಕು. ಎಂಜಿನ್ ಇರುವ ಒಳನಾಡು ಬೋಟ್‌ಗಳಿಗೆ ಈಗ 2021ರ ಒಳನಾಡು ಹಡಗುಗಳ ಕಾಯ್ದೆ ಇದೆ. ಅದು 1917ರ ಹಳೆಯ ಕಾಯ್ದೆಯ ಜಾಗಕ್ಕೆ ಬಂತು. ತಪಾಸಣೆ, ನೋಂದಣಿ, ವಿಮೆ, ಓಡಿಸುವವರ ಅರ್ಹತೆ ಎಲ್ಲ ಅದರಲ್ಲಿ ಬರುತ್ತದೆ. ನಮ್ಮ ರಾಜ್ಯದಲ್ಲಿ ಬಂದರು ಮತ್ತು ಒಳನಾಡು ಜಲಸಾರಿಗೆ ಇಲಾಖೆಯಲ್ಲಿ ವಿಚಾರಿಸಬೇಕು. ಹೋಂಸ್ಟೇ ಅತಿಥಿಗಳಿಂದ ದುಡ್ಡು ತೆಗೆದುಕೊಂಡು ಕೂರಿಸುವುದಾದರೆ ಇದನ್ನೆಲ್ಲ ಮುಗಿಸದೆ ಬೋಟ್ ನೀರಿಗೆ ಇಳಿಸಲೇಬೇಡಿ.

ಮಾರ್ಕೋನಹಳ್ಳಿ ಜಲಾಶಯದ ಬಳಿ ತೋಟ ಇದೆ. ಏನಾದರೂ ವಿಶೇಷ ಎಚ್ಚರಿಕೆ?

ಇದೆ. ಕುಣಿಗಲ್ ತಾಲೂಕಿನಲ್ಲಿ ಶಿಂಷಾ ನದಿಗೆ ಕಟ್ಟಿದ ಈ ಅಣೆಕಟ್ಟೆಯಲ್ಲಿ ಸ್ವಯಂಚಾಲಿತ ಸೈಫನ್ ಇದೆ. ನೀರು ನಿಗದಿತ ಮಟ್ಟ ಮುಟ್ಟಿದರೆ ಯಾರೂ ಗೇಟ್ ತೆಗೆಯಬೇಕಿಲ್ಲ, ತಾನಾಗಿಯೇ ನೀರು ಹೊರಗೆ ನುಗ್ಗುತ್ತದೆ. ನೋಡಲು ಚೆಂದ, ಆದರೆ ಕಟ್ಟೆಯ ಕೆಳಗಿನ ನದಿಯಲ್ಲಿ ನೀರು ಇದ್ದಕ್ಕಿದ್ದಂತೆ ಏರುತ್ತದೆ. ತುಂಬುವ ಕಾಲದಲ್ಲಿ ಕೆಳಭಾಗದಲ್ಲಿ ಮಕ್ಕಳನ್ನು ನೀರಿಗೆ ಬಿಡಬೇಡಿ. ಮೇಲೆ ಬೋಟ್‌ನಲ್ಲಿದ್ದರೂ ಸೈಫನ್, ತೂಬು, ಕೋಡಿ ಇವುಗಳ ಹತ್ತಿರ ಹೋಗಬೇಡಿ. ಒಳಸೆಳೆತಕ್ಕೆ ಚಿಕ್ಕ ಎಂಜಿನ್ ಸಾಲುವುದಿಲ್ಲ.

ಬ್ಯಾಟರಿ ಬೋಟ್ ಆಗಬಹುದಾ?

ನಮ್ಮ ಕೆರೆಗೆ ನನ್ನ ಆಯ್ಕೆ ಅದೇ. ಪೊಂಟೂನ್‌ಗೆ ಬ್ಯಾಟರಿ ಮೋಟಾರ್ ಚೆನ್ನಾಗಿ ಹೊಂದುತ್ತದೆ, ಯಾಕೆಂದರೆ ನಿಧಾನಕ್ಕೆ ಹೋಗಲು ಕಡಿಮೆ ಶಕ್ತಿ ಸಾಕು. ಗಂಟೆಗೆ 8-10 ಕಿಲೋಮೀಟರ್ ಸಿಗುತ್ತದೆ. ಸದ್ದಿಲ್ಲ, ಹೊಗೆಯಿಲ್ಲ, ನೀರಿಗೆ ಎಣ್ಣೆ ಸೇರುವುದಿಲ್ಲ, ಹಕ್ಕಿಗಳು ಎದ್ದು ಹೋಗುವುದಿಲ್ಲ. ನೆರಳಿನ ಬಟ್ಟೆಯ ಬದಲು ಗಟ್ಟಿ ಚಾವಣಿ ಹಾಕಿಸಿದರೆ ಮೇಲೆ ಸೋಲಾರ್ ಫಲಕವನ್ನೂ ಕೂರಿಸಬಹುದು. ಡೆಕ್ ಬೋಟ್‌ಗೆ ಈ ಯೋಚನೆ ಬೇಡ. ಭಾರದ ಬೋಟನ್ನು ವೇಗಕ್ಕೆ ತರಲು ಬ್ಯಾಟರಿ ಬೇಗ ಖಾಲಿಯಾಗುತ್ತದೆ. ಗಾಳಿ ಎದ್ದರೆ ಮರಳಿ ಬರಲು ಬೇಕು ಅಂತ ಅರ್ಧ ಚಾರ್ಜ್ ಉಳಿಸಿಕೊಂಡೇ ತಿರುಗಿ. ಎರಡು ಹುಟ್ಟು ಕೂಡ ಬೋಟ್‌ನಲ್ಲಿರಲಿ.

ಊಟ ತಿಂಡಿ, ಟಾಯ್ಲೆಟ್?

ಊಟಕ್ಕೆ ಪೊಂಟೂನ್ ಬಹಳ ಚೆನ್ನ. ನಡುವೆ ಮೇಜು, ಸುತ್ತ ಸೀಟು. ಚಿತ್ರಾನ್ನದ ಡಬ್ಬಿ, ಕ್ಯಾತ್ಸಂದ್ರದ ತಟ್ಟೆ ಇಡ್ಲಿ, ಮಜ್ಜಿಗೆ ಕ್ಯಾನು ಎಲ್ಲ ಇಟ್ಟುಕೊಂಡು ಮಾತಾಡುತ್ತಾ ತಿನ್ನಬಹುದು. ಎಲೆ, ಪ್ಲಾಸ್ಟಿಕ್ ಕವರ್ ಒಂದೂ ನೀರಿಗೆ ಬೀಳಬಾರದು, ಚೀಲ ಕಟ್ಟಿಕೊಂಡು ವಾಪಸ್ ತನ್ನಿ.

ಟಾಯ್ಲೆಟ್ ವಿಷಯ ಹೆಣ್ಣುಮಕ್ಕಳು ಬಾಯಿ ಬಿಟ್ಟು ಕೇಳುವುದಿಲ್ಲ, ಆದರೆ ಅದಿಲ್ಲದಿದ್ದರೆ ಬೆಳಿಗ್ಗೆಯಿಂದ ನೀರೇ ಕುಡಿಯದೆ ಬರುತ್ತಾರೆ. ಎಷ್ಟೋ ಡೆಕ್ ಬೋಟ್‌ಗಳಲ್ಲಿ ಇದಕ್ಕೆ ಬಾಗಿಲಿರುವ ಚಿಕ್ಕ ಕೋಣೆಯೇ ಇರುತ್ತದೆ. ಪೊಂಟೂನ್‌ನಲ್ಲಿ ಹೆಚ್ಚಾಗಿ ಪರದೆ ಎತ್ತಿ ಕಟ್ಟುವ ಬಟ್ಟೆ ಬದಲಾಯಿಸುವ ಜಾಗ, ಅದರೊಳಗೆ ಎತ್ತಿ ಇಡುವ ಟಾಯ್ಲೆಟ್. ಮನೆಯ ಹೆಂಗಸರನ್ನು ಕೇಳಿಯೇ ಮಾಡೆಲ್ ಆರಿಸಿ.

ಬೆಲೆ ಎಷ್ಟು? ಖರ್ಚು ಎಷ್ಟು?

ಅಮೆರಿಕದಲ್ಲಿ ಒಂದು ಮನೆಗೆ ಸಾಕಾಗುವ ಹೊಸ ಪೊಂಟೂನ್ ಎಂಜಿನ್ ಸೇರಿ ಸುಮಾರು 30 ಸಾವಿರ ಡಾಲರ್‌ನಿಂದ ಶುರುವಾಗಿ 60 ಸಾವಿರ ದಾಟುತ್ತದೆ. ಡೆಕ್ ಬೋಟ್ ಸಾಮಾನ್ಯವಾಗಿ ಅದಕ್ಕಿಂತ ಜಾಸ್ತಿ. ಎಂಜಿನ್ ದೊಡ್ಡದಾದಷ್ಟೂ ಪೆಟ್ರೋಲ್ ಖರ್ಚೂ ಏರುತ್ತದೆ. ಇದರ ಜೊತೆ ಟ್ರೇಲರ್, ವಿಮೆ, ಚಳಿಗಾಲದಲ್ಲಿ ಇಡುವ ಜಾಗದ ಬಾಡಿಗೆ. ಮಿನ್ನೆಸೋಟದಂಥ ಕಡೆ ಸರೋವರವೇ ಹೆಪ್ಪುಗಟ್ಟುತ್ತದೆ, ಬೋಟ್ ಅರ್ಧ ವರ್ಷ ಶೆಡ್‌ನಲ್ಲಿ. ವರ್ಷಕ್ಕೆ ಎರಡು ಮೂರು ವಾರಾಂತ್ಯ ಮಾತ್ರ ಹೋಗುವವರು ಕೊಳ್ಳುವುದಕ್ಕಿಂತ ಬಾಡಿಗೆಗೆ ತೆಗೆದುಕೊಳ್ಳಲಿ.

ಇಲ್ಲಿಗೆ ಅಮೆರಿಕದ ಬೋಟ್ ತರಿಸುವುದು ಜಾಣತನವಲ್ಲ. ಸುಂಕ, ಸಾಗಣೆ, ಕೊನೆಗೆ ಬಿಡಿಭಾಗ ಸಿಗದೆ ಪರದಾಟ. ಫೈಬರ್ ಫ್ಲೋಟ್ ಮೇಲೆ ಅಟ್ಟಣಿಗೆ ಕೂರಿಸಿದ ಪೊಂಟೂನ್‌ಗಳನ್ನು ನಮ್ಮ ದೇಶದಲ್ಲೇ ಮಾಡುತ್ತಾರೆ. ಅದನ್ನು ನೋಡಿ.

ಸಾಗಿಸುವುದು ಹೇಗೆ?

ಎರಡೂ ಬೋಟ್ ಅಗಲ ಸಾಮಾನ್ಯವಾಗಿ ಎಂಟೂವರೆ ಅಡಿ. 22 ಅಡಿಯ ಪೊಂಟೂನ್ ಎಂಜಿನ್, ಟ್ರೇಲರ್ ಸೇರಿ ಹತ್ತಿರ ಹತ್ತಿರ ಎರಡು ಟನ್, ಡೆಕ್ ಬೋಟ್ ಇನ್ನೂ ಭಾರ. ನಮ್ಮ ಕೆರೆ ಏರಿಯ ಮೇಲೆ ಎದುರಿನಿಂದ ಒಂದು ಟ್ರ್ಯಾಕ್ಟರ್ ಬಂದರೆ ಕಥೆ ಏನು, ಯೋಚಿಸಿ. ಬೋಟ್ ಇಳಿಸುವ ಇಳಿಜಾರು ಕೂಡ ನಮ್ಮ ಕೆರೆಗಳಿಗೆ ಇಲ್ಲ. ಬಿಡಿಸಿ ಸಾಗಿಸಿ, ನೀರಿನ ಪಕ್ಕದಲ್ಲೇ ಜೋಡಿಸುವಂಥದ್ದು ಒಳ್ಳೆಯದು. ಈ ಅನುಕೂಲ ಪೊಂಟೂನ್‌ಗೆ ಮಾತ್ರ ಇದೆ.

ನೋಡಿಕೊಳ್ಳುವುದು ಕಷ್ಟವಾ?

ಔಟ್‌ಬೋರ್ಡ್ ಎಂಜಿನ್‌ಗೆ ಸಾಮಾನ್ಯವಾಗಿ 100 ಗಂಟೆಗೆ ಅಥವಾ ವರ್ಷಕ್ಕೆ ಒಂದು ಸಲ ಆಯಿಲ್ ಬದಲಾವಣೆ, ಎರಡು ಮೂರು ವರ್ಷಕ್ಕೊಮ್ಮೆ ನೀರಿನ ಪಂಪಿನ ಇಂಪೆಲ್ಲರ್, ಅಂದರೆ ಒಳಗೆ ತಿರುಗಿ ನೀರು ತಳ್ಳುವ ರಬ್ಬರ್ ಚಕ್ರದ ಬದಲಾವಣೆ. ಅಲ್ಯುಮಿನಿಯಂ ಕೊಳವೆ ತುಕ್ಕು ಹಿಡಿಯದಿದ್ದರೂ ಸವೆಯುತ್ತದೆ. ಅದನ್ನು ಕಾಯಲು ಕಟ್ಟುವ ಆನೋಡ್ ತುಂಡನ್ನು ಸಿಹಿನೀರಿಗೆ ತಕ್ಕದ್ದೇ ಹಾಕಿಸಿ, ಅರ್ಧ ಸವೆದಾಗ ಬದಲಿಸಿ. ಫೈಬರ್ ತಳಕ್ಕೆ ಪಾಲಿಶ್, ಬಿರುಕು ಬಿಟ್ಟರೆ ಬೇಗ ರಿಪೇರಿ. ನಮ್ಮ ಬಿಸಿಲಿಗೆ ಸೀಟಿನ ರೆಕ್ಸಿನ್ ಒಡೆಯುತ್ತದೆ. ಹೊದಿಕೆ ಇಲ್ಲದೆ ಯಾವ ಬೋಟನ್ನೂ ಬಿಡಬೇಡಿ.

ಕೊಳ್ಳುವ ಮೊದಲು ಒಂದು ಸಲ ಕೂತು ನೋಡುವುದು ಹೇಗೆ?

ಅಮೆರಿಕದಲ್ಲಾದರೆ ಎರಡನ್ನೂ ಅರ್ಧ ದಿನಕ್ಕೆ ಬಾಡಿಗೆಗೆ ತೆಗೆದುಕೊಳ್ಳಿ, ಒಂದು ಶನಿವಾರ ಅದು, ಇನ್ನೊಂದು ಶನಿವಾರ ಇದು. ಅಪ್ಪ ಅಮ್ಮ ಅಲ್ಲಿಗೆ ಹೋಗಿದ್ದಾಗಲೇ ಮಾಡಿ, ಅವರಿಲ್ಲದೆ ಮಾಡಿದ ಪರೀಕ್ಷೆ ಪೂರ್ತಿಯಲ್ಲ. ಇಲ್ಲಾದರೆ ಹೊನ್ನಾವರದ ಶರಾವತಿಯಲ್ಲೋ ಕಬಿನಿ ಹಿನ್ನೀರಿನಲ್ಲೋ ಬೋಟ್ ಹತ್ತಿ, ಮನೆಯವರಿಗೆ ನೀರಿನ ಮೇಲೆ ಎಷ್ಟು ಹೊತ್ತು ಕೂರಲು ಆಗುತ್ತದೆ, ಯಾರಿಗೆ ಹೆದರಿಕೆ, ಯಾರಿಗೆ ವಾಂತಿ ಬರುತ್ತದೆ ಅಂತ ತಿಳಿದುಕೊಳ್ಳಿ. ಹಳೆಯ ಬೋಟ್ ಕೊಳ್ಳುವುದಾದರೆ ನೀರಿನಲ್ಲಿ ಒಂದು ಗಂಟೆ ಬಿಟ್ಟು ನೋಡಿ. ಪೊಂಟೂನ್‌ನ ಒಂದು ಪಕ್ಕ ತಗ್ಗಿದರೆ ಆ ಕೊಳವೆಗೆ ನೀರು ಹೋಗಿದೆ. ಡೆಕ್ ಬೋಟ್‌ನ ನೆಲವನ್ನು ಕಾಲಿನಿಂದ ಒತ್ತುತ್ತಾ ನಡೆಯಿರಿ, ಮೆತ್ತಗೆ ಕುಸಿದರೆ ಒಳಗಿನ ಮರ ಕೊಳೆತಿದೆ. ಎರಡರಲ್ಲಿ ಯಾವುದು ಕಂಡರೂ, ಬೆಲೆ ಎಷ್ಟೇ ಇಳಿಸಿದರೂ, ಬೇಡ ಅನ್ನಿ.